ಮದ್ದೂರು ಸೀಮೆಯ ಹಳ್ಳಗಳು: ಕಾಡು, ಜನ ಮತ್ತು ಬಾವಿಯ ನೀರು

ಮೆಣಸು, ಶುಂಠಿ, ಕಾಫಿ ವ್ಯವಹಾರದ ನಿಮಿತ್ತ ವಯನಾಡಿಗೆ ಹೋಗಿಬರುವ ಬೆಳೆಗಾರರಿಗೆ ಮದ್ದೂರು ಚೆಕ್‌ಪೋಸ್ಟ್ ಹೊಸದಲ್ಲ. ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತೇರಿಯ ರಸ್ತೆ ಹಿಡಿದರೆ, ಹೊಲಗಳು ಮುಗಿದು ಬಂಡೀಪುರದ ಕಾಡು ಆರಂಭವಾಗುವ ಕಡೆ ಆ ಗೇಟು ಇದೆ. ರಾತ್ರಿ ಒಂಬತ್ತಕ್ಕೆ ಅದು ಬಿದ್ದರೆ ಬೆಳಿಗ್ಗೆ ಆರರವರೆಗೆ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಕಾಯುತ್ತಾ ನಿಂತವರು ಗೇಟಿನ ಬಗ್ಗೆ ಮಾತಾಡುತ್ತಾರೆ, ದರದ ಬಗ್ಗೆ ಮಾತಾಡುತ್ತಾರೆ. ಪಕ್ಕದಲ್ಲಿರುವ ಒಣ ಹಳ್ಳದ ಬಗ್ಗೆ ಮಾತಾಡುವವರು ಕಡಿಮೆ. ಈ ಲೇಖನ ಆ ಹಳ್ಳದ ಬಗ್ಗೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು, ಇದು ವಡೆಯ ಮದ್ದೂರಲ್ಲ. ಆ ಮದ್ದೂರು ಮಂಡ್ಯ ಜಿಲ್ಲೆಯದು. ನಾವು ಹೇಳುತ್ತಿರುವುದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೂ ಇದು ಮೈಸೂರು ಜಿಲ್ಲೆಗೆ ಸೇರಿತ್ತು. ಹೆಸರು ಊರಿನದೂ ಹೌದು, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ್ದೂ ಹೌದು.

ಕಾಫಿ, ಅಡಿಕೆ ಬೆಳೆಯುವ ನಮಗೆ ರಾಗಿ, ಜೋಳ, ಅರಿಸಿನ ಬೆಳೆಯುವ ಸೀಮೆಯ ಸುದ್ದಿ ಏಕೆ ಎಂದು ಕೇಳಬಹುದು. ಕಾರಣವಿದೆ. ನಮ್ಮ ನಾಡಿನಲ್ಲಿ ಕಾಡಿನ ನೀರನ್ನೂ ಪಕ್ಕದ ಸಾಗುವಳಿ ಭೂಮಿಯ ನೀರನ್ನೂ ವರ್ಷಗಟ್ಟಲೆ ಅಳೆದು ಲೆಕ್ಕ ಬರೆದಿಟ್ಟ ಸ್ಥಳಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಜೋಡಿ ಈ ರಸ್ತೆಯ ಬದಿಯಲ್ಲೇ ಇದೆ. ಅಲ್ಲಿ ತಿಳಿದುಬಂದ ಸಂಗತಿಗಳು ಕೊಳವೆ ಬಾವಿಯಿಂದ ತೋಟಕ್ಕೆ ನೀರು ಬಿಡುವ ಪ್ರತಿಯೊಬ್ಬರಿಗೂ ಸಂಬಂಧಪಟ್ಟವು.

ಮೂರು ಕಡೆಗೆ ಹರಿಯುವ ಮಳೆ

ಈ ಸೀಮೆಯ ನೆಲದ ಏರಿಳಿತವನ್ನು ತಿಳಿಯಲು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಲ್ಲಬೇಕು. ಸಮುದ್ರ ಮಟ್ಟದಿಂದ ಸುಮಾರು 1450 ಮೀಟರ್ ಎತ್ತರದ ಈ ಬೆಟ್ಟದ ತಲೆಯ ಮೇಲೆ ವರ್ಷದ ಬಹುಕಾಲ ಮಂಜು ಕೂತಿರುತ್ತದೆ. ಮಂಜು ಸರಿದಾಗ ಉತ್ತರಕ್ಕೆ ಗುಂಡ್ಲುಪೇಟೆಯ ಬಯಲು, ಪಶ್ಚಿಮಕ್ಕೆ ವಯನಾಡಿನ ಕಡೆಯ ಕಾಡು, ದಕ್ಷಿಣಕ್ಕೆ ನೀಲಗಿರಿಯ ಗೋಡೆ ಕಾಣುತ್ತವೆ.

ಉತ್ತರದ ಇಳಿಜಾರಿನಲ್ಲಿ ಬಿದ್ದ ನೀರು ಸಣ್ಣ ಹಳ್ಳಗಳಾಗಿ ಕೂಡಿ ಗುಂಡ್ಲು ಹೊಳೆಯಾಗುತ್ತದೆ. ಗುಂಡ್ಲುಪೇಟೆಯ ಹೆಸರಿನಲ್ಲಿರುವ ಗುಂಡ್ಲು ಇದೇ. ಪುರಾಣದ ಬಾಯಲ್ಲಿ ಇದಕ್ಕೆ ಕೌಂಡಿನ್ಯ ನದಿ ಎಂಬ ಹೆಸರು. ಹೊಳೆ ಉತ್ತರಕ್ಕೆ ಸಾಗಿ ನಂಜನಗೂಡಿನ ಬಳಿ, ಪರಶುರಾಮ ಕ್ಷೇತ್ರದ ಹತ್ತಿರ, ಕಪಿಲೆಯನ್ನು ಸೇರುತ್ತದೆ. ಪಶ್ಚಿಮದಲ್ಲಿ ಬಿದ್ದ ನೀರಿನ ಒಂದು ಪಾಲು ಮೂಲೆಹೊಳೆಯ ಮೂಲಕ ನುಗು ನದಿಗೆ, ಅಲ್ಲಿಂದ ಮತ್ತೆ ಕಪಿಲೆಗೇ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಬಂಡೀಪುರಕ್ಕೂ ಮುದುಮಲೈಗೂ ಗಡಿಯಾಗಿ, ಆಳವಾದ ಕಮರಿಯಲ್ಲಿ ಹರಿಯುವ ಮೋಯಾರ್ ನದಿಗೆ ಬಿದ್ದು, ಭವಾನಿಸಾಗರಕ್ಕೆ ಹೋಗಿ, ತಮಿಳುನಾಡಿನ ಭವಾನಿ ಊರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಕಪಿಲೆಗೆ ಹೋದ ನೀರು ತಿರುಮಕೂಡಲು ನರಸೀಪುರದಲ್ಲೇ ಕಾವೇರಿಗೆ ಸೇರಿರುತ್ತದೆ. ಒಂದೇ ಮೋಡದಿಂದ ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿಗಳು ಎರಡು ರಾಜ್ಯಗಳನ್ನು ಸುತ್ತಿ ಕೊನೆಗೆ ಒಂದೇ ನದಿಯಲ್ಲಿ ಭೇಟಿಯಾಗುತ್ತವೆ.

ಇನ್ನು ಮಳೆ. ಕಪಿಲೆ ಹುಟ್ಟುವ ವಯನಾಡಿನ ಪಶ್ಚಿಮ ಅಂಚಿನಲ್ಲಿ ವರ್ಷಕ್ಕೆ 5000 ಮಿ.ಮೀ., ಅಂದರೆ ಸುಮಾರು 200 ಇಂಚು ಮಳೆಯಾಗುವ ಜಾಗಗಳಿವೆ. ಮೂಲೆಹೊಳೆಗೆ ಬರುವಾಗ ಅದು ಸುಮಾರು 1100 ಮಿ.ಮೀ.ಗೆ ಇಳಿಯುತ್ತದೆ. ಮದ್ದೂರು, ಬೇರಂಬಾಡಿ ಊರುಗಳಲ್ಲಿ ಸರಾಸರಿ 800 ಮಿ.ಮೀ. ಆಸುಪಾಸು. ಗುಂಡ್ಲುಪೇಟೆ ದಾಟಿ ಪೂರ್ವಕ್ಕೆ ಹೋದಂತೆ ಇನ್ನೂ ಕಡಿಮೆ. ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಮಳೆ ಆರನೇ ಒಂದು ಪಾಲಿಗೆ ಇಳಿಯುತ್ತದೆ ಎಂದರೆ, ಕಾಫಿ ಎಲ್ಲಿ ನಿಂತಿತು, ರಾಗಿ ಎಲ್ಲಿ ಆರಂಭವಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮಲೆನಾಡಿನವರಿಗೆ ಮಳೆಗಾಲ ಎಂದರೆ ಆಷಾಢ, ಶ್ರಾವಣ. ಇಲ್ಲಿ ಹಾಗಲ್ಲ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನ ಮಳೆ ಮತ್ತೊಮ್ಮೆ ಜೋರು. ನಡುವಿನ ಮುಂಗಾರು ಮೋಡ ತೋರಿಸಿ ಹನಿ ಚೆಲ್ಲಿ ಹೋಗುವುದೇ ಹೆಚ್ಚು. 2019ರ ಆಗಸ್ಟಿನಲ್ಲಿ ವಯನಾಡಿನ ಮಳೆಗೆ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಮುಳುಗಿದವು. ಆ ಪ್ರವಾಹ ಹುಟ್ಟಿದ್ದು ಗುಂಡ್ಲು ಹೊಳೆಯ ಕಡೆಯಿಂದ ಅಲ್ಲ.

ಸಾವಿರ ಎಕರೆ ಕಾಡಿನ ಜಮಾ ಖರ್ಚು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ಸಂಶೋಧಕರೂ ಕೂಡಿ 2003ರಿಂದ ಮೂಲೆಹೊಳೆಯ ಕಾಡಿನಲ್ಲಿ ಒಂದು ಸಣ್ಣ ಜಲಾನಯನ ಪ್ರದೇಶವನ್ನು ಅಳೆಯುತ್ತಾ ಬಂದರು. ವಿಸ್ತೀರ್ಣ 4.1 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಸಾವಿರ ಎಕರೆ. ಅಲ್ಲಿ ವಸತಿಯಿಲ್ಲ, ಸಾಗುವಳಿಯಿಲ್ಲ, ಪಂಪ್‌ಸೆಟ್ ಇಲ್ಲ. ಮತ್ತಿ, ದಿಂಡಿಗ, ತೇಗ ಮುಂತಾದ ಎಲೆ ಉದುರುವ ಮರಗಳು, ಕೆಳಗೆ ಆಳೆತ್ತರದ ಹುಲ್ಲು, ಈಚೆಗೆ ಎಲ್ಲೆಲ್ಲೂ ಲಂಟಾನ. ಬಿದ್ದ ಮಳೆ ಎಷ್ಟು, ಹಳ್ಳದಲ್ಲಿ ಹರಿದುಹೋದದ್ದೆಷ್ಟು, ನೆಲದೊಳಗೆ ಇಂಗಿದ್ದೆಷ್ಟು ಎಂಬುದನ್ನು ಅಂಗಡಿಯ ಜಮಾ ಖರ್ಚಿನಂತೆ ಬರೆದಿಟ್ಟರು.

ಫಲಿತಾಂಶ ನೋಡಿದರೆ ನಾವು ಶಾಲೆಯಲ್ಲಿ ಕಲಿತದ್ದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಕಾಡಿದ್ದರೆ ಹೊಳೆ ಬತ್ತುವುದಿಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ಮಲೆನಾಡಿನ ಶೋಲೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಮೂಲೆಹೊಳೆಯಲ್ಲಿ, ಒಂದು ಮರವನ್ನೂ ಕಡಿಯದ ಕಾಡಿನಲ್ಲಿ, ಹಳ್ಳ ಹರಿಯುವುದು ದೊಡ್ಡ ಮಳೆ ಬಂದಾಗ ಮಾತ್ರ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಹಳ್ಳವೂ ನಿಲ್ಲುತ್ತದೆ. ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು, ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು, ಮರ, ಹುಲ್ಲು, ಮಣ್ಣಿನ ಮೂಲಕ ಆವಿಯಾಗಿ ಮತ್ತೆ ಆಕಾಶಕ್ಕೇ ಹೋಗುತ್ತದೆ. ಅಂತರ್ಜಲಕ್ಕೆ ಇಳಿಯುವುದು ಮಳೆಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮಣ್ಣಿನ ಮೂಲಕ ನೇರವಾಗಿ ಇಳಿಯುವುದು ವರ್ಷಕ್ಕೆ 45 ಮಿ.ಮೀ. ಆಸುಪಾಸು, ಹಳ್ಳದ ಪಾತ್ರದಲ್ಲಿ ಇಂಗುವುದು ಸುಮಾರು 30 ಮಿ.ಮೀ. ಎರಡೂ ಸೇರಿ 75 ಮಿ.ಮೀ., ಅಂದರೆ ಮೂರು ಇಂಚು. ಮೂರು ಇಂಚನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಬಹಳ ಕೆಳಗಿದೆ. ಆದ್ದರಿಂದ ಅಲ್ಲಿ ಒರತೆ ಎಂಬುದಿಲ್ಲ. ನೀರು ಹಳ್ಳದಿಂದ ನೆಲಕ್ಕೆ ಇಳಿಯುತ್ತದೆಯೇ ಹೊರತು ನೆಲದಿಂದ ಹಳ್ಳಕ್ಕೆ ಬರುವುದಿಲ್ಲ.

ಹಾಗಾದರೆ ಕಾಡು ನೀರು ಕುಡಿದು ಮುಗಿಸುವ ಖರ್ಚಿನ ಬಾಬತ್ತೇ? ಹಾಗೆ ತಿಳಿಯುವುದು ದುಡುಕು. ಕಗ್ಗಲ್ಲಿನ ಮೇಲೆ, ನಾವು ಗರಸು ಎನ್ನುವ ಕೊಳೆತ ಕಲ್ಲಿನ ದಪ್ಪ ಪದರವೊಂದಿದೆ. ಒಳ್ಳೆಯ ಮಳೆಯಾದ ವರ್ಷ ಆ ಪದರ ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಮರಗಳು ಆಳದ ಬೇರಿನಿಂದ ಅದನ್ನೇ ಹೀರಿ ಬದುಕುತ್ತವೆ. ಕಾಡಿನ ಉಳಿತಾಯ ಖಾತೆ ಅದು. ಖಾತೆ ಖಾಲಿಯಾಗಿದ್ದರೆ, ಮರುವರ್ಷ ಎಷ್ಟೇ ಮಳೆ ಬಂದರೂ ಮೊದಲು ಅದು ತುಂಬಬೇಕು. ಆಮೇಲೆ ಮಾತ್ರ ಕೆಳಗಿನ ಅಂತರ್ಜಲಕ್ಕೆ ಪಾಲು. ಬರ ಮುಗಿದು ಒಳ್ಳೆಯ ಮಳೆಯಾದ ವರ್ಷವೂ ನಮ್ಮ ಬಾವಿ ಏಕೆ ಏಳಲಿಲ್ಲ ಎಂದು ಅಚ್ಚರಿಪಡುವವರಿಗೆ ಇದೂ ಒಂದು ಉತ್ತರ. ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವುದು, ಮಳೆಯ ಹೊಡೆತವನ್ನು ತಾಳುವುದು, ಕೆಳಗಿನ ಕೆರೆಗೆ ಹೂಳು ಹೋಗದಂತೆ ನೋಡುವುದು ಇವೆಲ್ಲ ಕಾಡಿನ ಬೇರೆ ಕೆಲಸಗಳು. ಆದರೆ ಎಂಟುನೂರು, ಸಾವಿರ ಮಿ.ಮೀ. ಮಳೆಯ ನಾಡಿನಲ್ಲಿ ಕಾಡನ್ನು ನಲ್ಲಿ ಎಂದು ಭಾವಿಸಬಾರದು.

ಹಾಡಿಯ ಜನ, ಬಯಲಿನ ಜನ

ಈ ಕಾಡಿನ ಮೂಲ ನಿವಾಸಿಗಳು ಜೇನುಕುರುಬರು, ಬೆಟ್ಟಕುರುಬರು ಮತ್ತು ಸೋಲಿಗರು. ಹಾಡಿಗಳಲ್ಲಿ ಬಾಳಿ, ಜೇನು, ಗೆಡ್ಡೆ, ನೆಲ್ಲಿಕಾಯಿ, ಕಲ್ಲುಹೂ ಸಂಗ್ರಹಿಸಿ, ಅಲ್ಪಸ್ವಲ್ಪ ರಾಗಿ ಬಿತ್ತಿ ಬದುಕಿದವರು. ಬಂಡೀಪುರದಲ್ಲಿ 1931ರಲ್ಲಿ ಮೈಸೂರು ಅರಸರ ಕಾಲದಲ್ಲಿ ಸಣ್ಣ ಅಭಯಾರಣ್ಯವೊಂದು ಆಯಿತು. 1941ರಲ್ಲಿ ಅದು ದೊಡ್ಡದಾಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆಗಳಲ್ಲಿ ಒಂದಾಯಿತು. ಆ ದಶಕದಲ್ಲಿ ಅನೇಕ ಹಾಡಿಗಳನ್ನು ಕಾಡಿನೊಳಗಿಂದ ಎತ್ತಿ ಅಂಚಿಗೆ ತಂದು ಕೂರಿಸಿದರು. ಇಂದು ಕಾಡಂಚಿನಲ್ಲಿ ಕಾಣುವ ಕಾಲೋನಿಗಳಲ್ಲಿ ಹಲವು ಹಾಗೆ ಹುಟ್ಟಿದವು. ಮನೆ ಬಿಟ್ಟು ಬಂದವರ ಪಾಲಿಗೆ ಹುಲಿ ಉಳಿದ ಕಥೆ ಪೂರ್ತಿ ಸಂತೋಷದ ಕಥೆಯಲ್ಲ. ಇದನ್ನು ಹೇಳದೆ ಬಂಡೀಪುರದ ಹಿರಿಮೆಯನ್ನಷ್ಟೇ ಹೇಳುವುದು ನ್ಯಾಯವಲ್ಲ.

ಸಹಕಾರಿಗಳಾದ ನಮಗೆ ಆಸಕ್ತಿಯ ವಿಷಯವೊಂದಿದೆ. ಕಾಡಿನ ಕಿರು ಉತ್ಪನ್ನಗಳನ್ನು ಮಧ್ಯವರ್ತಿಗಳ ಕೈಗೆ ಕೊಡದೆ ಗಿರಿಜನರೇ ಮಾರಲಿ ಎಂದು ಲ್ಯಾಂಪ್ಸ್ ಎಂಬ ವಿವಿಧೋದ್ದೇಶ ಸಹಕಾರ ಸಂಘಗಳು ಈ ಜಿಲ್ಲೆಯಲ್ಲಿ ಹುಟ್ಟಿದವು. ಆದರೆ ವನ್ಯಜೀವಿ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದೇ ನಿಂತಿತು. ಅಂಗಡಿ ಇದೆ, ಸರಕಿಲ್ಲ ಎನ್ನುವ ಸ್ಥಿತಿ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮೂಹಿಕ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಕೊಡಗು, ವಯನಾಡಿನ ಕಾಫಿ ತೋಟಗಳಿಗೂ ಈ ಹಾಡಿಗಳಿಗೂ ನಂಟು ಹಳೆಯದು. ಹಣ್ಣು ಕುಯ್ಲಿಗೆ, ಮೆಣಸು ಬಿಡಿಸಲು ಇಲ್ಲಿಂದ ಜೀಪು ತುಂಬಿ ಜನ ಹೋಗುತ್ತಾರೆ. ವಯನಾಡಿನ ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ಬಳಗದವರೇ. ಅವರ ಮಾತು ಕನ್ನಡಕ್ಕೆ ಹತ್ತಿರ. ರಾಜ್ಯದ ಗಡಿ ಬಿದ್ದದ್ದು ಆಮೇಲೆ.

ಜೇನಿನ ವಿಷಯ ಬಂದಾಗ ಇನ್ನೊಂದು ಮಾತು. ರೊಬಸ್ಟಾ ಕಾಫಿಗೆ ಪರಕೀಯ ಪರಾಗಸ್ಪರ್ಶ ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಮೂರು ನಾಲ್ಕು ದಿನ ಗುಂಯ್ ಎಂದು ಕೆಲಸ ಮಾಡುವವರಲ್ಲಿ ಮುಖ್ಯರಾದವರು ಹೆಜ್ಜೇನು ನೊಣಗಳು. ಇವು ಪೆಟ್ಟಿಗೆಯಲ್ಲಿ ಸಾಕುವ ಜಾತಿಯಲ್ಲ. ಕಾಡಿನ ದೊಡ್ಡ ಮರದ ಕೊಂಬೆ, ಬಂಡೆಯ ಮಡಿಲಲ್ಲಿ ಕಟ್ಟಿ, ಋತು ನೋಡಿಕೊಂಡು ಒಂದು ಸೀಮೆಯಿಂದ ಇನ್ನೊಂದಕ್ಕೆ ವಲಸೆ ಹೋಗುವವು. ಎಲೆ ಉದುರುವ ಕಾಡಿನ ಹೂವೂ ನಮ್ಮ ಕಾಫಿಯ ಹೂವೂ ಅವಕ್ಕೆ ಒಂದೇ ಊಟದ ಎರಡು ಬಡಿಸುವಿಕೆ. ಬೇಸಿಗೆಯ ಬೆಂಕಿಗೆ ಕಾಡು ಸುಟ್ಟರೆ, 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟ ಹಾಗೆ, ಸುಡುವುದು ಹುಲ್ಲು ಮಾತ್ರವಲ್ಲ.

ಬಯಲಿನಲ್ಲಿ ಲಿಂಗಾಯತರು, ಉಪ್ಪಾರರು, ನಾಯಕರು, ಪರಿಶಿಷ್ಟ ಜಾತಿಯವರು ಮುಂತಾದ ಸಣ್ಣ ಹಿಡುವಳಿದಾರರು ಹೆಚ್ಚು. ಕೆಂಪು ಭೂಮಿಯಲ್ಲಿ ರಾಗಿ, ಜೋಳ, ಹುರುಳಿ, ಸೂರ್ಯಕಾಂತಿ. ತಗ್ಗಿನ ಕಪ್ಪು ಭೂಮಿಯಲ್ಲಿ ನೀರಿದ್ದರೆ ಅರಿಸಿನ, ಕಬ್ಬು, ಬಾಳೆ. ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿಗೆ ಗುಂಡ್ಲುಪೇಟೆ ಹೆಸರುವಾಸಿ. ಜುಲೈ-ಆಗಸ್ಟಿನಲ್ಲಿ ರಸ್ತೆಯ ಇಕ್ಕೆಲದ ಚೆಂಡುಹೂ ಹೊಲಗಳ ಮುಂದೆ ಕೇರಳದ ಕಾರುಗಳು ನಿಲ್ಲುತ್ತವೆ. ಓಣಂ ಹೂವಿನ ಜೊತೆಗೆ ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಇದು ಹೋಗುತ್ತದೆ. ಶುಂಠಿ, ಬಾಳೆಗೆಂದು ವಯನಾಡಿನ ಬೆಳೆಗಾರರು ಇಲ್ಲಿ ಭೂಮಿಯನ್ನು ಗುತ್ತಿಗೆ ಹಿಡಿಯುವುದೂ ಬಹಳ ವರ್ಷದಿಂದ ನಡೆದಿದೆ. ಗುತ್ತಿಗೆದಾರನಿಗೆ ಒಂದೆರಡು ಫಸಲಿನ ಲಾಭ ಮುಖ್ಯ. ಆಮೇಲೆ ಆ ಮಣ್ಣು, ಆ ಬಾವಿ ಏನಾಯಿತೆಂದು ನೋಡುವುದು ಮಾಲೀಕನ ಪಾಡು.

ಆನೆಗೆ ಗಡಿ ತಿಳಿಯದು

ಬಂಡೀಪುರ, ನಾಗರಹೊಳೆ, ಮುದುಮಲೈ, ವಯನಾಡು ನಾಲ್ಕು ಹೆಸರುಗಳಾದರೂ ಆನೆಗೆ ಒಂದೇ ಕಾಡು. 1986ರಲ್ಲಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶ ಎಂದು ಇದನ್ನೆಲ್ಲ ಒಂದೇ ಚೌಕಟ್ಟಿಗೆ ತಂದರು. ಬೇಸಿಗೆಯಲ್ಲಿ ಹಳ್ಳಗಳು ಒಣಗಿದಂತೆ ಹಿಂಡುಗಳು ಬೀಚನಹಳ್ಳಿಯ ಕಬಿನಿ ಹಿನ್ನೀರಿನ ಕಡೆಗೆ ಸರಿಯುತ್ತವೆ. 1974ರಲ್ಲಿ ಆದ ಈ ಅಣೆಕಟ್ಟು ಒಳ್ಳೆಯ ಕಾಡನ್ನೇ ಮುಳುಗಿಸಿತು. ಆದರೆ ಏಪ್ರಿಲಿನಲ್ಲಿ ನೀರು ಇಳಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ ನೂರಾರು ಆನೆ ಕೂಡುವ ದೃಶ್ಯ ಅದರಿಂದಲೇ ಹುಟ್ಟಿತು. ಹೋಗದೆ ಉಳಿದವಕ್ಕಾಗಿ ಅರಣ್ಯ ಇಲಾಖೆ ಕಾಡಿನೊಳಗೆ ಕೊಳವೆ ಬಾವಿ ಕೊರೆದು, ಸೋಲಾರ್ ಪಂಪಿನಿಂದ ಕೆರೆಗಳಿಗೆ ನೀರು ಬಿಡುತ್ತಿದೆ. ಆನೆಯೂ ಈಗ ಪಂಪ್‌ಸೆಟ್ಟಿನ ಫಲಾನುಭವಿ.

ಕಾಡಂಚಿನ ಹೊಲದಲ್ಲಿ ಕಬ್ಬು, ಬಾಳೆ, ಜೋಳ ಇದ್ದರೆ ಆನೆ ಬಾರದೆ ಇರುವುದಿಲ್ಲ. ಕಂದಕ ತೋಡಿದರು, ಆನೆ ಕಾಲಿನಿಂದ ಮಣ್ಣು ಕೆಡವಿ ಇಳಿಜಾರು ಮಾಡಿಕೊಂಡಿತು. ಸೋಲಾರ್ ಬೇಲಿ ಹಾಕಿದರು. ಮರ ಬೀಳಿಸಿ ತಂತಿ ತುಂಡರಿಸುವುದನ್ನು ಕಲಿಯಿತು. ರೈಲು ಹಳಿಯ ಬೇಲಿ ಹೆಚ್ಚು ಗಟ್ಟಿ, ಹೆಚ್ಚು ದುಬಾರಿ ಕೂಡ. ಒಂದು ಕಡೆ ಕಟ್ಟಿದರೆ ಬೇಲಿ ಮುಗಿಯುವಲ್ಲಿ ಆನೆ ತಿರುಗಿ ಬರುತ್ತದೆ, ಪಕ್ಕದ ಊರಿನ ಪಾಲಿಗೆ ತೊಂದರೆ ಇಮ್ಮಡಿಯಾಗುತ್ತದೆ. ಕಾಡಿನೊಳಗೆ ಹುಲ್ಲಿನ ಜಾಗವನ್ನೆಲ್ಲ ಲಂಟಾನ ನುಂಗಿರುವುದೂ ಆನೆ ಹೊರಗೆ ಬರಲು ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಆನೆಯ ಬೊಂಬೆ ಮಾಡಿ ಮಾರುತ್ತಿರುವುದು ಒಳ್ಳೆಯದೇ. ಆದರೆ ಲಂಟಾನ ಬೆಳೆಯುವ ವೇಗಕ್ಕೆ ಕುರ್ಚಿ ಮಾಡಿ ಮುಗಿಸಲಾದೀತೇ!

ಮೋಯಾರ್ ಕಮರಿಯ ಕಡೆ ರಣಹದ್ದುಗಳು ಇನ್ನೂ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸಿ ದೇಶದ ರಣಹದ್ದುಗಳನ್ನು ಬಹುಪಾಲು ಅಳಿಸಿಬಿಟ್ಟಿತು. ಅದನ್ನು ಪಶುಗಳಿಗೆ ಬಳಸುವುದು 2006ರಲ್ಲಿ ನಿಷೇಧವಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ. ದನ ಸಾಕಿರುವ ಸದಸ್ಯರು ಔಷಧಿ ತರುವಾಗ ಹೆಸರು ನೋಡಿ ತರಬೇಕು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯವಿಲ್ಲದ್ದು.

ಗೇಟಿನ ವಿಷಯವನ್ನೂ ಹೇಳಿ ಮುಗಿಸುತ್ತೇವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಜಿಲ್ಲಾಡಳಿತ ರಾತ್ರಿ ಸಂಚಾರ ನಿಷೇಧಿಸಿತು. 2010ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ವ್ಯಾಪಾರಸ್ಥರಿಗೆ ತೊಂದರೆಯಾಗಿದೆ, ಹುಣಸೂರು-ಗೋಣಿಕೊಪ್ಪ-ಕುಟ್ಟದ ಸುತ್ತು ದಾರಿಗೆ ಡೀಸೆಲ್ ಹೆಚ್ಚು ಬೇಕು ಎಂಬುದು ಸತ್ಯ. ಒಂಬತ್ತು ಗಂಟೆಯ ಒಳಗೆ ಗೇಟು ದಾಟುವಂತೆ ಹೊರಡುವುದು ಅದಕ್ಕಿಂತ ಸುಲಭ ಎಂಬುದು ಈ ಲೇಖಕನ ಅಭಿಪ್ರಾಯ. ಎಲ್ಲ ಸದಸ್ಯರೂ ಒಪ್ಪಬೇಕಿಲ್ಲ.

ತಲೆಕೆಳಗಾದ ಬಾವಿಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೂಲೆಹೊಳೆಯ ಕಾಡನ್ನು ಅಳೆದ ವಿಜ್ಞಾನಿಗಳೇ ಕೆಲವು ವರ್ಷಗಳ ನಂತರ ಪಕ್ಕದ ಬೇರಂಬಾಡಿ ಜಲಾನಯನ ಪ್ರದೇಶವನ್ನೂ ಆರಿಸಿಕೊಂಡರು. 84 ಚದರ ಕಿಲೋಮೀಟರ್, ಇಪ್ಪತ್ತು ಸಾವಿರ ಎಕರೆಗೂ ಸ್ವಲ್ಪ ಮೇಲೆ. ಮೇಲ್ತುದಿಯಲ್ಲಿ ಕಾಡು, ಕೆಳಗೆ ಮದ್ದೂರು, ಬೇರಂಬಾಡಿ ಮುಂತಾದ ಊರುಗಳ ಹೊಲಗಳು. ನೆಲದಡಿಯ ಕಲ್ಲು ಎರಡೂ ಕಡೆ ಒಂದೇ ಬಗೆಯದು. ವ್ಯತ್ಯಾಸ ಇರುವುದು ಪಂಪಿನಲ್ಲಿ.

ಹಿಂದೆ ಇಲ್ಲಿ ತೆರೆದ ಬಾವಿಗಳಿದ್ದವು. ತಗ್ಗಿನ ಕಪ್ಪು ಭೂಮಿಯಲ್ಲಿ ಬಾವಿ ತೋಡಿ, ಕಪಿಲೆ ಹೊಡೆದು, ಎತ್ತು ದಣಿಯುವವರೆಗೆ ನೀರೆತ್ತುತ್ತಿದ್ದರು. ಎತ್ತು ದಣಿಯುತ್ತದೆ ಎಂಬುದೇ ಆಗ ಅಂತರ್ಜಲಕ್ಕೆ ಇದ್ದ ಕಾವಲು. ಅಂತರ್ಜಲ ಮೇಲಿದ್ದುದರಿಂದ ಹಳ್ಳಕ್ಕೂ ಒರತೆ ಬರುತ್ತಿತ್ತು. ಕರೆಂಟ್ ಬಂತು, ಕೊಳವೆ ಬಾವಿ ಕೊರೆಯುವ ಲಾರಿ ಬಂತು, 1990ರ ದಶಕದಿಂದ ಸಬ್‌ಮರ್ಸಿಬಲ್ ಪಂಪು ಹಬ್ಬಿತು. ಪಂಪ್‌ಸೆಟ್ಟಿನ ವಿದ್ಯುತ್ತೂ ಉಚಿತವಾಯಿತು. ಬಾವಿಗಳು ಆಳವಾಗುತ್ತಾ ಹೋದವು, ಹಳ್ಳದ ಒರತೆ ನಿಂತಿತು.

ಅಳೆದವರಿಗೆ ಕಂಡ ವಿಚಿತ್ರವೇನೆಂದರೆ, ಈ ಸೀಮೆಯಲ್ಲಿ ದಿಬ್ಬದ ಮೇಲಿನ ಬಾವಿಗಿಂತ ತಗ್ಗಿನ ಬಾವಿಯಲ್ಲೇ ನೀರು ಹೆಚ್ಚು ಆಳಕ್ಕೆ ಇಳಿದಿದೆ. ಸಾಮಾನ್ಯವಾಗಿ ಎಲ್ಲಿಯಾದರೂ ಇದಕ್ಕೆ ವಿರುದ್ಧ. ತಗ್ಗಿನಲ್ಲಿ ನೀರು ಕೈಗೆ ಸಿಗುವಂತಿರಬೇಕು. ಇಲ್ಲಿ ಒಳ್ಳೆಯ ಭೂಮಿ ತಗ್ಗಿನಲ್ಲಿದ್ದುದರಿಂದ ಮೊದಲು ಬಾವಿ ತೋಡಿದವರು, ಹೆಚ್ಚು ಕಾಲ ನೀರೆತ್ತಿದವರು ತಗ್ಗಿನವರು. ಅವರ ಕಾಲಡಿಯ ನೀರೇ ಮೊದಲು ಮುಗಿಯಿತು. ಒಳ್ಳೆಯ ಹೊಲ, ಆದ್ದರಿಂದ ಒಣ ಬಾವಿ. ಮೇಲಿನ ಕೆಂಪು ಭೂಮಿಯವನು ತಡವಾಗಿ ಕೊರೆಸಿದ, ಅವನಿಗೆ ಸದ್ಯಕ್ಕೆ ನೀರಿದೆ.

ಕಗ್ಗಲ್ಲಿನ ಸ್ವಭಾವವನ್ನು ಮರೆತವರಿಗೆ ಇನ್ನೊಂದು ಏಟು. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕು ವಿರಳವಾಗುತ್ತದೆ. ಆರುನೂರು, ಎಂಟುನೂರು ಅಡಿ ಕೊರೆಸಿದವನು ಹೊಸ ನೀರನ್ನು ಮುಟ್ಟಿದೆನೆಂದು ತಿಳಿಯುತ್ತಾನೆ. ಎಷ್ಟೋ ಸಲ ಅವನು ಎತ್ತುವುದು ಮೇಲಿನ ಪದರದಿಂದ, ನೆರೆಯವನ ಬಾವಿಯಿಂದ ಜಿನುಗಿ ಬಂದ ನೀರನ್ನೇ.

ಸರ್ಕಾರ ಈಚಿನ ವರ್ಷಗಳಲ್ಲಿ ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಕಪಿಲೆಯ ನೀರನ್ನೆತ್ತಿ ಗುಂಡ್ಲುಪೇಟೆ ಕಡೆಯ ಕೆರೆಗಳನ್ನು ತುಂಬಿಸುತ್ತಿದೆ. ತುಂಬಿದ ಕೆರೆಯ ಸುತ್ತ ಬಾವಿಗಳು ಎದ್ದಿರುವುದು ನಿಜ. ಗುಂಡ್ಲು ಹೊಳೆ ನಂಜನಗೂಡಿಗೆ ನೀರು ಕೊಡುತ್ತಿದ್ದುದು ಹೋಗಿ, ನಂಜನಗೂಡಿನ ನೀರು ಪೈಪಿನಲ್ಲಿ ಗುಂಡ್ಲುಪೇಟೆಗೆ ಹತ್ತಿ ಬರುವ ಕಾಲ ಬಂತು.

ಒಂದು ಮೂಟೆ ಪೊಟ್ಯಾಷ್

ಬೇರಂಬಾಡಿಯಲ್ಲಿ ಇನ್ನೂರಕ್ಕೂ ಹೆಚ್ಚು ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು ನೈಟ್ರೇಟ್. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ. ಕೆಲವು ಬಾವಿಗಳಲ್ಲಿ ಅದರ ಹಲವು ಪಟ್ಟು ಇತ್ತು. ಹೊಲಕ್ಕೆ ಹಾಕಿದ ಯೂರಿಯಾ, ಗೊಬ್ಬರದ ಸಾರಜನಕ ಬೆಳೆಗೆ ದಕ್ಕದೆ ಇಳಿದು ಬಾವಿ ಸೇರಿತ್ತು. ಅದೇ ನೀರನ್ನು ಮತ್ತೆ ಹೊಲಕ್ಕೆ ಬಿಡುವಾಗ ಅದರಲ್ಲೇ ಗೊಬ್ಬರವಿದೆ ಎಂದು ಲೆಕ್ಕ ಹಿಡಿಯದೆ ರೈತರು ಮತ್ತೂ ಯೂರಿಯಾ ಹಾಕುತ್ತಿದ್ದರು.

ಎರಡನೆಯದು ಉಪ್ಪು. ಇದು 2020ರಲ್ಲಿ ಪ್ರಕಟವಾದ ಅಧ್ಯಯನ. ಸಮುದ್ರದಿಂದ ಇಷ್ಟು ದೂರದ ಬಾವಿಗೆ ಕ್ಲೋರೈಡ್ ಎಲ್ಲಿಂದ ಬಂತು ಎಂದು ಹುಡುಕಿದರೆ, ಅದು ಪೊಟ್ಯಾಷ್ ಮೂಟೆಯಿಂದ ಬಂದಿತ್ತು. ನಾವೆಲ್ಲ ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಗಿಡಕ್ಕೆ ಬೇಕಾದದ್ದು ಪೊಟ್ಯಾಸಿಯಂ. ಕ್ಲೋರೈಡಿನಲ್ಲಿ ಬಹುಪಾಲು ನೀರಿನೊಡನೆ ಕೆಳಗಿಳಿಯುತ್ತದೆ. 50 ಕೆ.ಜಿ. ಮೂಟೆಯಲ್ಲಿ 20 ಕೆ.ಜಿ.ಗೂ ಮೀರಿ ಕ್ಲೋರೈಡ್ ಇರುತ್ತದೆ.

ಇದನ್ನು ಅಡಿಕೆ ತೋಟಕ್ಕೆ ಅನ್ವಯಿಸಿ ನೋಡೋಣ. ಶಿಫಾರಸಿನಂತೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಸತ್ವ. ಅಂದರೆ ಸುಮಾರು 235 ಗ್ರಾಂ ಮ್ಯೂರಿಯೇಟ್. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ 550 ಮರ ಎಂದಿಟ್ಟರೆ 130 ಕೆ.ಜಿ. ಗೊಬ್ಬರ, ಅದರಲ್ಲಿ 55ರಿಂದ 60 ಕೆ.ಜಿ. ಕ್ಲೋರೈಡ್, ಪ್ರತಿ ವರ್ಷ. ನೂರೈವತ್ತು ಇಂಚು ಮಳೆಯ ತೋಟದಲ್ಲಿ ಚಿಂತೆಯಿಲ್ಲ, ಮಳೆಗಾಲದ ಹೊಳೆ ಅದನ್ನು ತೊಳೆದು ಸಮುದ್ರಕ್ಕೆ ಒಯ್ಯುತ್ತದೆ. ಆದರೆ ಹಳ್ಳವೇ ಹರಿಯದ ಕಡೆ ಅದು ಹೊರಗೆ ಹೋಗುವ ದಾರಿಯಿಲ್ಲ. ಬಾವಿಯಿಂದ ತೋಟಕ್ಕೆ, ತೋಟದಿಂದ ಬಾವಿಗೆ ಸುತ್ತುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಬಯಲುಸೀಮೆಯಲ್ಲಿ ಹೊಸದಾಗಿ ಅಡಿಕೆ ಕಟ್ಟಿರುವ ನಮ್ಮ ಬಂಧುಗಳು, ಕಡಿಮೆ ಮಳೆಯ ಪೂರ್ವದ ಅಂಚಿನಲ್ಲಿ ತೋಟವಿರುವವರು, ಮಣ್ಣು ಪರೀಕ್ಷೆಗೆ ಕಳಿಸುವಾಗ ಒಂದು ಬಾಟಲಿ ಬಾವಿ ನೀರನ್ನೂ ಕಳಿಸುವುದು ಲೇಸು. ನೀರಿನಲ್ಲೇ ನೈಟ್ರೇಟ್, ಪೊಟ್ಯಾಸಿಯಂ ಇದ್ದರೆ ಮೂಟೆಯ ಖರ್ಚಾದರೂ ಉಳಿಯುತ್ತದೆ. ಪೊಟ್ಯಾಷ್ ಬೇಕೇ ಬೇಕೆಂದಾದರೆ ಸಲ್ಫೇಟ್ ರೂಪದ್ದಿದೆ, ಆದರೆ ದರ ಹೆಚ್ಚು. ಅಡಿಕೆ ಸಿಪ್ಪೆ, ಸೋಗೆ, ಕಾಫಿ ಸಿಪ್ಪೆಗಳನ್ನು ಕೊಳೆಸಿ ತೋಟಕ್ಕೇ ಹಿಂದಿರುಗಿಸಿದರೆ ಅದರಲ್ಲಿರುವ ಪೊಟ್ಯಾಷಿಗೆ ದರವೇ ಇಲ್ಲ.

ಮೂರು ಇಂಚಿನ ಲೆಕ್ಕ

ಹಿಂದೆ ಹೇಳಿದ ಮೂರು ಇಂಚಿಗೆ ಬರೋಣ. ಅಡಿಕೆಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ಹೇಳುತ್ತದೆ. 20 ಲೀಟರಿನಂತೆ ಎಕರೆಗೆ ದಿನಕ್ಕೆ 11,000 ಲೀಟರ್. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ 150 ದಿನಕ್ಕೆ 16.5 ಲಕ್ಷ ಲೀಟರ್. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಂತರೆ ಸುಮಾರು ಒಂದು ಲಕ್ಷ ಲೀಟರ್ ಆಗುತ್ತದೆ. ಆದ್ದರಿಂದ ಎಕರೆ ಅಡಿಕೆಯ ಬೇಸಿಗೆ ಖರ್ಚು 16 ಇಂಚು. ಮೂಲೆಹೊಳೆಯ ಕಾಡಿನಲ್ಲಿ ಎಕರೆಗೆ ವರ್ಷಕ್ಕೆ ಇಂಗುವುದು ಮೂರು ಇಂಚು. ಅಂದರೆ ಅಂಥ ಮಳೆಯ ಸೀಮೆಯಲ್ಲಿ ಒಂದು ಎಕರೆ ಅಡಿಕೆಗೆ ಐದಕ್ಕೂ ಹೆಚ್ಚು ಎಕರೆ ನೆಲ ತನ್ನ ಇಂಗಿದ ನೀರನ್ನೆಲ್ಲ ಧಾರೆ ಎರೆಯಬೇಕು. ಉತ್ತ ಹೊಲದಲ್ಲಿ ಇಂಗುವ ಪ್ರಮಾಣ ಕಾಡಿಗಿಂತ ಹೆಚ್ಚಿರಬಹುದು, ತೋಟಕ್ಕೆ ಬಿಟ್ಟ ನೀರಿನಲ್ಲಿ ಸ್ವಲ್ಪ ಮತ್ತೆ ಇಳಿಯುವುದೂ ಉಂಟು. ಎಷ್ಟೇ ರಿಯಾಯಿತಿ ಕೊಟ್ಟರೂ ಎಲ್ಲರೂ ಬೇಲಿಯಿಂದ ಬೇಲಿಗೆ ಅಡಿಕೆ ಕಟ್ಟಿದರೆ ಲೆಕ್ಕ ಸರಿಹೋಗದು.

ರೊಬಸ್ಟಾ ಬೆಳೆಗಾರರ ಲೆಕ್ಕ ಇಷ್ಟು ಕಠಿಣವಲ್ಲ. ಹೂವಿಗೆ ಒಂದರಿಂದ ಒಂದೂವರೆ ಇಂಚು, ಆಮೇಲೆ ಮತ್ತೊಂದು ಬ್ಯಾಕಿಂಗ್. ತೊಂದರೆ ಪ್ರಮಾಣದಲ್ಲಿಲ್ಲ, ಸಮಯದಲ್ಲಿದೆ. ಹಳ್ಳ ಅತ್ಯಂತ ಸಣಕಲಾಗಿರುವ ಫೆಬ್ರವರಿ-ಮಾರ್ಚಿನಲ್ಲೇ ಇಡೀ ಊರಿನ ಸ್ಪ್ರಿಂಕ್ಲರ್‌ಗಳು ಒಂದೇ ವಾರದಲ್ಲಿ ತಿರುಗುತ್ತವೆ. ಮಳೆಗಾಲದಲ್ಲೇ ತುಂಬಿಸಿಟ್ಟುಕೊಂಡ ತೋಟದ ಕೆರೆಯಿಂದ ಹೊಡೆದರೆ ಹಳ್ಳದ ಕೆಳಗಿನವನಿಗೂ ನೀರು ಉಳಿಯುತ್ತದೆ.

ಬಾವಿಯ ಮಟ್ಟವನ್ನು ತಿಳಿಯಲು ವಿಜ್ಞಾನಿಗಳೇ ಬರಬೇಕೆಂದಿಲ್ಲ. ತೆರೆದ ಬಾವಿಯಾದರೆ ಅಡಿ ಗುರುತು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಸಾಕು. ಕೊಳವೆ ಬಾವಿಯಾದರೆ ಪಂಪು ನಿಲ್ಲಿಸಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕೇಸಿಂಗಿನ ಸಂದಿಯಲ್ಲಿ ತೂಕ ಕಟ್ಟಿದ ತೆಳು ಹಗ್ಗ ಇಳಿಸಬಹುದು. ವೈರಿಗೆ ಸುತ್ತಿಕೊಳ್ಳದಂತೆ ಎಚ್ಚರವಿರಲಿ. ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಒಂದು ಸಲ, ನವೆಂಬರಿನಲ್ಲಿ ಮತ್ತೊಂದು ಸಲ ಅಳೆದು, ದಿನಾಂಕದೊಡನೆ ಮಳೆಯ ಪುಸ್ತಕದಲ್ಲೇ ಪಕ್ಕದ ಕಾಲಂನಲ್ಲಿ ಬರೆದಿಡಿ. ತಲೆಮಾರುಗಳಿಂದ ಮಳೆಯ ಇಂಚು ಬರೆದಿಟ್ಟಿರುವ ಮನೆಗಳು ನಮ್ಮಲ್ಲಿ ಬಹಳ. ಬಾವಿಯ ಅಡಿ ಬರೆದಿಟ್ಟ ಮನೆಗಳು ಯಾವುವಾದರೂ ಇದ್ದರೆ, ಸಂಘದ ಕಚೇರಿಗೆ ಒಂದು ಪ್ರತಿ ಕೊಟ್ಟರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಲು ಅನುಕೂಲವಾಗುತ್ತದೆ.